ಕೌಂಟರಿನ ಆಚೆ ನಿಂತವಳು

ವೈಟ್‌ಚಾಪೆಲ್‌ಗೆ ನಾನು ಹೋಗುವುದು ಹೆಚ್ಚಾಗಿ ತರಕಾರಿಗೆ. ಪೂರ್ವ ಲಂಡನ್ನಿನ ಈ ಅಗಲವಾದ ರಸ್ತೆಯ ಒಂದು ಮಗ್ಗುಲಲ್ಲಿ ರಾಯಲ್ ಲಂಡನ್ ಆಸ್ಪತ್ರೆ ಇದೆ. ಎದುರಿನ ಫುಟ್‌ಪಾತ್ ಉದ್ದಕ್ಕೂ ಟಾರ್ಪಾಲಿನ ಕೆಳಗೆ ಅಂಗಡಿಗಳು, ಹೆಚ್ಚಿನವು ಬಾಂಗ್ಲಾದೇಶ ಮೂಲದವರದ್ದು. ಹಾಗಲಕಾಯಿ, ನುಗ್ಗೆಕಾಯಿ, ವೀಳ್ಯದೆಲೆ, ಕೊತ್ತಂಬರಿ ಸೊಪ್ಪು, ಮನೆಗೆ ಬೇಕಾದ್ದೆಲ್ಲ ಸಿಗುತ್ತದೆ. ಸ್ಟೇಷನ್ನಿನ ಹೆಸರನ್ನು 2022ರಿಂದ ಬಂಗಾಳಿಯಲ್ಲೂ ಬರೆದಿದ್ದಾರೆ. ಚೀಲ ತುಂಬಿಸಿಕೊಂಡು ಪೂರ್ವಕ್ಕೆ ಸ್ವಲ್ಪ ನಡೆದರೆ, ಕೇಂಬ್ರಿಡ್ಜ್ ಹೀತ್ ರಸ್ತೆ ಬಂದು ಸೇರುವ ಜಾಗದ ಹತ್ತಿರ ಒಂದು ಹಳೆಯ ಪಬ್ ಇದೆ. ಹೆಸರು ಬ್ಲೈಂಡ್ ಬೆಗ್ಗರ್. ಬೋರ್ಡಿನ ಮೇಲೆ ಕುರುಡ ಭಿಕ್ಷುಕನ ಚಿತ್ರ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಅಣ್ಣನ ಮಗ ಬಂದಿದ್ದ. ಬಿಗ್ ಬೆನ್, ಟವರ್ ಬ್ರಿಜ್ ಎಲ್ಲ ಆಮೇಲೆ ಅಂದುಬಿಟ್ಟ. "ಅತ್ತೆ, ಮೊದಲು ಆ ಕ್ರೇ ಬ್ರದರ್ಸ್ ಪಬ್ ತೋರಿಸು" ಅಂದ. ಕ್ರೇ ಬ್ರದರ್ಸ್ ಅಂದರೆ 60ರ ದಶಕದಲ್ಲಿ ಪೂರ್ವ ಲಂಡನ್ನನ್ನು ಹೆದರಿಸಿಟ್ಟಿದ್ದ ಗ್ಯಾಂಗ್‌ಸ್ಟರ್ ಅಣ್ಣತಮ್ಮಂದಿರು. ಅವರಲ್ಲಿ ಒಬ್ಬ, ರೋನಿ, 1966ರಲ್ಲಿ ಈ ಪಬ್‌ನೊಳಗೆ ಒಬ್ಬನನ್ನು ಗುಂಡಿಕ್ಕಿ ಕೊಂದಿದ್ದ. ಸರಿ, ಕರೆದುಕೊಂಡು ಹೋದೆ. ಬಾಗಿಲು ದಾಟಿದ ಕೂಡಲೇ ಅವನ ಪ್ರಶ್ನೆ, "ಅವನು ಎಲ್ಲಿ ನಿಂತು ಹೊಡೆದ?" ಅಲ್ಲಿಗೆ ಬರುವ ಎಲ್ಲರೂ ಕೇಳುವುದು ಇದನ್ನೇ. ಎಲ್ಲಿ ನಿಂತಿದ್ದ, ಯಾವ ಕಡೆಯಿಂದ ಬಂದ, ಗುಂಡು ಎಲ್ಲಿಗೆ ಬಿತ್ತು. ಕೊಂದವನು ನಿಂತ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ.

ಅವತ್ತು ಕೌಂಟರಿನ ಆಚೆ ಕಡೆ ಯಾರಿದ್ದರು ಎಂದು ಯಾರೂ ಕೇಳುವುದಿಲ್ಲ. ನನಗೆ ಈ ಪಬ್‌ನ ಕಥೆಯಲ್ಲಿ ಮುಖ್ಯ ಅನಿಸುವುದು ಆಚೆ ಕಡೆ ಇದ್ದವಳು. ಅವಳ ಬಗ್ಗೆ ಬರೆಯಬೇಕು ಅಂತಲೇ ಇದನ್ನು ಶುರು ಮಾಡಿದ್ದು. ಆದರೆ ಅದಕ್ಕೆ ಮೊದಲು ಜಾಗದ ಕಥೆ ಸ್ವಲ್ಪ ಹೇಳಬೇಕು. ಈ ಮೂಲೆಗೆ ಕೊಲೆಗಿಂತ ಎಷ್ಟೋ ಹಳೆಯ ಕಥೆಗಳಿವೆ.

ಈಗಿನ ಕಟ್ಟಡ 1894ರದ್ದು. ಅದೇ ಜಾಗದಲ್ಲಿ 1654ಕ್ಕೂ ಮುಂಚಿನಿಂದ ಒಂದು ಛತ್ರದಂಥ ಹೋಟೆಲ್ ಇತ್ತು. ಹೆಸರಿನ ಹಿಂದೆ ಇರುವುದು ಹೆನ್ರಿ ಡಿ ಮಾಂಟ್‌ಫೋರ್ಟ್ ಕಥೆ. ಇವನ ಅಪ್ಪ ಸೈಮನ್ ಡಿ ಮಾಂಟ್‌ಫೋರ್ಟ್ ರಾಜನ ಮೇಲೆ ತಿರುಗಿಬಿದ್ದವನು. 1265ರ ಈವ್‌ಶಾಮ್ ಯುದ್ಧದಲ್ಲಿ ಅಪ್ಪ ಮಗ ಇಬ್ಬರೂ ಸತ್ತರು ಅನ್ನುವುದು ಇತಿಹಾಸ. ಜನ ಅದನ್ನು ಒಪ್ಪಲಿಲ್ಲ. ಮಗ ಕಣ್ಣು ಕಳೆದುಕೊಂಡು ಬದುಕಿ ಉಳಿದ, ಹತ್ತಿರದ ಬೆತ್ನಲ್ ಗ್ರೀನ್‌ನಲ್ಲಿ ಭಿಕ್ಷೆ ಬೇಡಿಕೊಂಡಿದ್ದ ಅಂತ ಲಾವಣಿ ಕಟ್ಟಿದರು. ಅವನಿಗೊಬ್ಬಳು ಚೆಲುವೆ ಮಗಳು, ಬೆಸ್ಸಿ. ಅಪ್ಪ ಭಿಕ್ಷುಕ ಅಂತ ಗೊತ್ತಾದ ಕೂಡಲೇ ಬಂದ ವರಗಳೆಲ್ಲ ಕಾಲು ಕೀಳುತ್ತಾರೆ. ಒಬ್ಬ ನೈಟ್, ಅಂದರೆ ಬಿರುದು ಪಡೆದ ಯೋಧ, ಮಾತ್ರ ನಿಲ್ಲುತ್ತಾನೆ. ಅವನ ಕಡೆಯವರು ಹಂಗಿಸಿದಾಗ ಭಿಕ್ಷುಕ ಒಂದು ಮಾತು ಹೇಳುತ್ತಾನೆ: ನೀವು ಒಂದು ನಾಣ್ಯ ಇಡಿ, ನಾನೂ ಒಂದು ಇಡುತ್ತೇನೆ. ಇಡುತ್ತಾ ಇಡುತ್ತಾ ಗಂಡಿನ ಕಡೆಯವರ ಚೀಲ ಖಾಲಿ. ಭಿಕ್ಷುಕ ಮೂರು ಸಾವಿರ ಪೌಂಡ್ ಎಣಿಸಿ, ಮದುವೆಯ ಗೌನಿಗೆ ಅಂತ ಮೇಲೆ ಇನ್ನೂ ನೂರು ಹಾಕುತ್ತಾನೆ. ನಮ್ಮ ಹಳ್ಳಿ ಕಡೆ ಹೆಂಗಸರು ರಾಗಿ ಬೀಸುತ್ತಾ ಹೇಳಿಕೊಳ್ಳಬಹುದಾದ ಕಥೆ ಇದು. ಬಡವನನ್ನು ಕೀಳಾಗಿ ಕಂಡವರ ಮುಖಕ್ಕೆ ಹೊಡೆದ ಹಾಗೆ. ಬೆತ್ನಲ್ ಗ್ರೀನ್ ಜನ ಆ ಭಿಕ್ಷುಕನನ್ನೇ ತಮ್ಮ ಊರಿನ ಗುರುತು ಮಾಡಿಕೊಂಡಿದ್ದರು.

ಪಬ್ ಪಕ್ಕದಲ್ಲೇ ಆಲ್ಬಿಯನ್ ಬ್ರೂವರಿ ಇತ್ತು. 1808ರಲ್ಲಿ ಶುರುವಾಗಿ 1979ರಲ್ಲಿ ಮುಚ್ಚಿತು. ಈಗ ಆ ಕಟ್ಟಡದಲ್ಲಿ ಫ್ಲಾಟುಗಳಿವೆ. ಮುಂಭಾಗದ ಗಡಿಯಾರ, ಸೇಂಟ್ ಜಾರ್ಜ್ ಡ್ರ್ಯಾಗನ್ನನ್ನು ಕೊಲ್ಲುವ ಕೆತ್ತನೆ ಇನ್ನೂ ಹಾಗೇ ಇದೆ. ಮ್ಯಾನ್ಸ್ ಬ್ರೌನ್ ಏಲ್ ಎಂಬ ಸಿಹಿ ಬಿಯರ್ ಹುಟ್ಟಿದ್ದು ಇಲ್ಲೇ, 20ನೇ ಶತಮಾನದ ಆರಂಭದಲ್ಲಿ. ಇನ್ನೂ ಪೂರ್ವಕ್ಕೆ ಹೋದರೆ ಬೋ. ಅಲ್ಲಿ ಹಾಡ್ಜ್‌ಸನ್ ಅವರ ಬ್ರೂವರಿ ಇತ್ತು. 18ನೇ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿ ಹಡಗುಗಳಲ್ಲಿ ಅಲ್ಲಿನ ಬಿಯರ್ ಇಂಡಿಯಾಕ್ಕೆ ಬರುತ್ತಿತ್ತು. ಅಷ್ಟು ಹಿಂದೆಯೇ ಈ ಬೀದಿಗಳಿಗೂ ನಮ್ಮ ಕಡೆಗೂ ಒಂದು ನಂಟು ಇತ್ತು ಅಂತಾಯಿತು.

ಇನ್ನೊಂದು ಕಥೆ ಕುಡಿತಕ್ಕೆ ವಿರುದ್ಧದ್ದು. 1865ರ ಬೇಸಿಗೆಯಲ್ಲಿ ವಿಲಿಯಂ ಬೂತ್ ಎಂಬ ಪಾದ್ರಿ ಇದೇ ಪಬ್ ಎದುರು ಬೀದಿಯಲ್ಲಿ ನಿಂತು ಮಾತನಾಡಿದ. ಕೇಳಿದ ಕೆಲವರು ಅವನನ್ನು ಹತ್ತಿರದಲ್ಲಿ ಹಾಕಿದ್ದ ಟೆಂಟಿಗೆ ಕರೆದರು. ಅಲ್ಲಿಂದ ಬೆಳೆದ ಮಿಷನ್ 1878ರಲ್ಲಿ ಸಾಲ್ವೇಶನ್ ಆರ್ಮಿ ಎಂಬ, ಬಡವರಿಗೆ ನೆರವಾಗುವ ಕ್ರೈಸ್ತ ಸಂಸ್ಥೆ ಆಯಿತು. ಆ ಟೆಂಟ್ ಇದ್ದದ್ದು ಈಗಿನ ವ್ಯಾಲೆನ್ಸ್ ರಸ್ತೆಯಲ್ಲಿ. ಕ್ರೇ ಅಣ್ಣತಮ್ಮಂದಿರು ಬೆಳೆದ ಮನೆ ಇದ್ದದ್ದೂ ಅದೇ ರಸ್ತೆಯಲ್ಲಿ, 178ನೇ ನಂಬರು. ಒಂದೇ ರಸ್ತೆಯಲ್ಲಿ ಒಂದು ಕಡೆ ಹಸಿದವರಿಗೆ ಸೂಪು ಕೊಟ್ಟವರು, ಇನ್ನೊಂದು ಕಡೆ ಅಂಗಡಿಯವರಿಂದ ಹಫ್ತಾ ಕಿತ್ತವರು.

ರೊನಾಲ್ಡ್ (ರೋನಿ) ಮತ್ತು ರೆಜಿನಾಲ್ಡ್ (ರೆಜಿ) ಕ್ರೇ ಅವಳಿಗಳು. ಹುಟ್ಟಿದ್ದು 1933ರ ಅಕ್ಟೋಬರ್ 24ರಂದು. ಹುಡುಗರಾಗಿದ್ದಾಗ ಬಾಕ್ಸಿಂಗ್ ಮಾಡುತ್ತಿದ್ದರು. 50ರ ದಶಕದಲ್ಲಿ ಒಂದು ಬಿಲಿಯರ್ಡ್ಸ್ ಹಾಲ್ ಹಿಡಿದು, ಅಲ್ಲಿಂದ ಗ್ಯಾಂಗ್ ಕಟ್ಟಿದರು. ತಮ್ಮ ಗ್ಯಾಂಗನ್ನು 'ದಿ ಫರ್ಮ್' ಅನ್ನುತ್ತಿದ್ದರು, ಕಂಪನಿ ನಡೆಸುವವರ ಹಾಗೆ. ಸುತ್ತಲಿನ ಪಬ್, ಕ್ಲಬ್, ಜೂಜಿನ ಅಡ್ಡೆಗಳಿಂದ ದುಡ್ಡು ವಸೂಲಿ. ಕೊಡದಿದ್ದರೆ ಗಾಜು ಒಡೆಯುತ್ತದೆ, ಇಲ್ಲವೇ ಮುಖ ಕೊಯ್ಯುತ್ತಾರೆ. ಆಮೇಲೆ ಶ್ರೀಮಂತರ ನೈಟ್ಸ್‌ಬ್ರಿಡ್ಜ್‌ನಲ್ಲೇ ಒಂದು ಜೂಜಿನ ಕ್ಲಬ್ ಇವರ ಕೈಗೆ ಬಂತು. ಸಿನಿಮಾದವರು, ಲಾರ್ಡ್‌ಗಳು ಬಂದು ಕೂರತೊಡಗಿದರು. 1965ರಲ್ಲಿ ಡೇವಿಡ್ ಬೇಲಿ ತೆಗೆದ ಆ ಪ್ರಸಿದ್ಧ ಕಪ್ಪು ಬಿಳುಪು ಫೋಟೋ ನೀವು ನೋಡಿರುತ್ತೀರಿ. ಇಸ್ತ್ರಿ ಮಾಡಿದ ಸೂಟು, ಬಿಗಿದ ಟೈ, ಕಲ್ಲಿನಂಥ ಮುಖ. ಇಂದಿಗೂ ಟೀ ಶರ್ಟುಗಳ ಮೇಲೆ ಬರುವುದು ಈ ಮುಖಗಳೇ.

ಯಾಕೆ ಯಾರೂ ಇವರನ್ನು ಮುಟ್ಟಲಿಲ್ಲ ಅನ್ನುವುದು ಮುಖ್ಯ. 1964ರಲ್ಲಿ ಸಂಡೇ ಮಿರರ್ ಪತ್ರಿಕೆ ಒಬ್ಬ ಲಾರ್ಡ್‌ಗೂ ಒಬ್ಬ ಗ್ಯಾಂಗ್‌ಸ್ಟರ್‌ಗೂ ಇರುವ ಸಂಬಂಧದ ಬಗ್ಗೆ ಹೆಸರು ಹೇಳದೆ ಬರೆಯಿತು. ಆ ಗ್ಯಾಂಗ್‌ಸ್ಟರ್ ರೋನಿ. ಲಾರ್ಡ್ ಬೂತ್‌ಬಿ ಅದು ನಾನೇ, ಆದರೆ ಬರೆದದ್ದು ಸುಳ್ಳು ಅಂತ ಎದ್ದು ನಿಂತ. ಪತ್ರಿಕೆ ಕ್ಷಮೆ ಕೇಳಿ ಅವನಿಗೆ 40,000 ಪೌಂಡ್ ಕೊಟ್ಟಿತು. ಆಗಿನ ಕಾಲಕ್ಕೆ ಅದು ಭಾರಿ ಮೊತ್ತ. ಅಲ್ಲಿಂದ ಮುಂದೆ ಬೇರೆ ಪತ್ರಿಕೆಗಳೂ ಬಾಯಿ ಮುಚ್ಚಿಕೊಂಡವು. ಮುಂದಿನ ವರ್ಷ ಒಂದು ಕ್ಲಬ್ಬಿನಿಂದ ಹಣ ಸುಲಿಗೆ ಮಾಡಿದ ಕೇಸಿನಲ್ಲಿ ಅವಳಿಗಳನ್ನು ಹಿಡಿದರು. ಅವರನ್ನು ಎಷ್ಟು ದಿನ ಒಳಗಿಡುತ್ತೀರಿ ಅಂತ ಅದೇ ಬೂತ್‌ಬಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕೇಳಿದ. ಕೇಸು ಬಿದ್ದುಹೋಯಿತು. ಹೊರಗೆ ಬಂದವರು ಅದೇ ಕ್ಲಬ್ಬನ್ನು ಕೊಂಡುಕೊಂಡು ಹೆಸರು ಬದಲಿಸಿದರು. ಬೀದಿಯ ಜನಕ್ಕೆ ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳಬೇಕು? ದೂರು ಕೊಟ್ಟರೆ ನಿಮ್ಮ ಗತಿ ಇದೇ.

ಈಗ 1966ರ ಮಾರ್ಚ್ 9. ಬುಧವಾರ ರಾತ್ರಿ, ಸುಮಾರು ಎಂಟೂವರೆ.

ಬ್ಲೈಂಡ್ ಬೆಗ್ಗರ್‌ನಲ್ಲಿ ಅವತ್ತು ಜನ ಕಡಿಮೆ. ಜಾರ್ಜ್ ಕಾರ್ನೆಲ್ ಕೌಂಟರಿನ ಬಳಿ ಸ್ಟೂಲಿನ ಮೇಲೆ ಕೂತು ಸ್ನೇಹಿತರ ಜೊತೆ ಕುಡಿಯುತ್ತಿದ್ದ. ಅವನೂ ಇದೇ ಪೂರ್ವ ಲಂಡನ್ನಿನಲ್ಲಿ ಬೆಳೆದವನು. ಆದರೆ ಈಗ ಥೇಮ್ಸ್ ನದಿಯ ಆಚೆ ದಡದ ರಿಚರ್ಡ್‌ಸನ್ ಗ್ಯಾಂಗ್ ಕಡೆಯವನು. ಹಿಂದಿನ ದಿನವಷ್ಟೇ ಕ್ಯಾಟ್‌ಫರ್ಡ್‌ನ ಒಂದು ಕ್ಲಬ್ಬಿನಲ್ಲಿ ಗುಂಡಿನ ಕಾಳಗ ನಡೆದು ಕ್ರೇ ಕಡೆಯ ಡಿಕಿ ಹಾರ್ಟ್ ಸತ್ತಿದ್ದ. ಅಂಥ ಹೊತ್ತಿನಲ್ಲಿ ಕಾರ್ನೆಲ್ ಕ್ರೇಗಳ ಬೀದಿಯಲ್ಲೇ ಬಂದು ಕೂತಿದ್ದಾನೆ ಎಂಬ ಸುದ್ದಿ, ಹತ್ತಿರದ ಟ್ಯಾಪ್ ಸ್ಟ್ರೀಟಿನ ಪಬ್ಬಿನಲ್ಲಿದ್ದ ರೋನಿ ಕಿವಿಗೆ ಬಿತ್ತು. ಕಾರ್ನೆಲ್ ಹಿಂದೆ ಅವನನ್ನು ಎಲ್ಲರೆದುರು ಹೀಯಾಳಿಸಿದ್ದ ಅಂತಲೂ ಹೇಳುತ್ತಾರೆ. ಕಾರಣ ಏನೇ ಇರಲಿ, ರೋನಿ ತನ್ನ ಸಹಚರ ಇಯನ್ ಬ್ಯಾರಿಯನ್ನು ಕರೆದುಕೊಂಡು ಕಾರು ಹತ್ತಿದ. ಜಾನ್ ಡಿಕ್ಸನ್ ಎಂಬವನು ಕಾರು ಓಡಿಸಿದ, ಹೊರಗೇ ಕಾದ.

ಜ್ಯೂಕ್‌ಬಾಕ್ಸ್‌ನಲ್ಲಿ ಆಗ ವಾಕರ್ ಬ್ರದರ್ಸ್ ಹಾಡು ಓಡುತ್ತಿತ್ತಂತೆ. ಇಬ್ಬರೂ ಒಳಗೆ ಬಂದರು. ಬ್ಯಾರಿ ಛಾವಣಿಯ ಕಡೆ ಗುಂಡು ಹಾರಿಸಿದ. ಇದ್ದವರೆಲ್ಲ ನೆಲಕ್ಕೆ ಬಿದ್ದರು, ಮರೆಗೆ ಸರಿದರು. ರೋನಿ ನೇರ ನಡೆದು ಹೋಗಿ, 9 ಎಂಎಂ ಪಿಸ್ತೂಲ್ ಎತ್ತಿ, ಕಾರ್ನೆಲ್ ಹಣೆಗೆ ಹೊಡೆದ. ತಿರುಗಿ ಹೊರಗೆ ನಡೆದ. ಕಾರು ಹೋಯಿತು. ಕಾರ್ನೆಲ್ ಆಮೇಲೆ ಆಸ್ಪತ್ರೆಯಲ್ಲಿ ಸತ್ತ.

ಬಾರಿನ ಹಿಂದೆ ಕೆಲಸದ ಹೆಂಗಸೊಬ್ಬಳು ಗ್ಲಾಸು ತುಂಬಿಸುತ್ತಾ ನಿಂತಿದ್ದಳು. ಗುಂಡಿನ ಸದ್ದಿಗೆ ಅವಳು ಕೆಳಗೆ ನೆಲಮಾಳಿಗೆಗೆ ಓಡಿದಳು. ಆದರೆ ಅಷ್ಟರಲ್ಲಿ ನೋಡಬಾರದ್ದನ್ನು ನೋಡಿಯಾಗಿತ್ತು. ಹೊಡೆದವನ ಮುಖ ಅವಳಿಗೆ ಗೊತ್ತಿತ್ತು. ಆ ಬೀದಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ?

ಸ್ವಲ್ಪ ಯೋಚಿಸಿ. ಬಾರಿನಲ್ಲಿ ನಿಲ್ಲುವ ಕೆಲಸ. ಸಂಜೆ ಬಂದು, ಗ್ಲಾಸು ತೊಳೆದು, ಬಿಯರ್ ಎಳೆದು, ಗಿರಾಕಿಗಳ ಮಾತಿಗೆ ಹ್ಞೂಂ ಅಂದು, ರಾತ್ರಿ ಬಾಗಿಲು ಹಾಕಿದ ಮೇಲೆ ಮನೆಗೆ ನಡೆಯಬೇಕು. ನಾಳೆ ಮತ್ತೆ ಅದೇ ಬೀದಿ. ಕೊಂದವನ ಗೆಳೆಯರು ಅದೇ ಬೀದಿಯಲ್ಲಿ ಓಡಾಡುತ್ತಾರೆ. ಅವರಿಗೆ ಅವಳ ಮನೆ ಗೊತ್ತು. ಪೊಲೀಸರಿಗೂ ಅವಳ ಮನೆ ಗೊತ್ತು, ಆದರೆ ಪೊಲೀಸರು ರಾತ್ರಿಯಿಡೀ ಅವಳ ಬಾಗಿಲಲ್ಲಿ ನಿಲ್ಲುವುದಿಲ್ಲ.

ಕೊಲೆ ಯಾರು ಮಾಡಿದ್ದು ಅನ್ನುವುದು ಮರುದಿನ ಬೆಳಿಗ್ಗೆಗೇ ಪೂರ್ವ ಲಂಡನ್ನಿಗೆಲ್ಲ ಗೊತ್ತಿತ್ತು. ಪೊಲೀಸರಿಗೂ ಗೊತ್ತಿತ್ತು. ಬಾಯಿ ಬಿಡುವವರು ಮಾತ್ರ ಒಬ್ಬರೂ ಇರಲಿಲ್ಲ. ಆ ವರ್ಷವೇ ರೋನಿಯನ್ನು ಠಾಣೆಗೆ ಕರೆಸಿ ಗುರುತು ಹಿಡಿಯುವ ಪರೇಡ್ ಮಾಡಿಸಿದರು. ಸಾಲಾಗಿ ನಿಂತ ಗಂಡಸರ ಮುಂದೆ ಅವಳನ್ನು ನಡೆಸಿದರು. ಅವಳು ಯಾರನ್ನೂ ತೋರಿಸಲಿಲ್ಲ. ರೋನಿ ಮನೆಗೆ ಹೋದ.

ಇದನ್ನು ಹೇಳಿದಾಗ ನಮ್ಮ ಹುಡುಗ, "ಅಯ್ಯೋ, ಅವಳೂ ಉಲ್ಟಾ ಹೊಡೆದಳಾ?" ಅಂದ. ನಮ್ಮ ಕೋರ್ಟು ಸುದ್ದಿಗಳಲ್ಲಿ ಸಾಕ್ಷಿ ಉಲ್ಟಾ ಹೊಡೆಯುವುದನ್ನು ಓದಿ ಓದಿ ಅಭ್ಯಾಸ ಅವನಿಗೆ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅವಳನ್ನು ದೂರುವುದು ಸುಲಭ. ಒಬ್ಬ ಲಾರ್ಡ್‌ಗೆ ಹೆದರಿ ಇಡೀ ಪತ್ರಿಕಾ ಲೋಕ ಸುಮ್ಮನಿದ್ದಾಗ, ಕೋರ್ಟಿನಿಂದಲೇ ಅವರು ಎದೆ ಸೆಟೆಸಿಕೊಂಡು ಹೊರಬಂದಾಗ, ಬಾರಿನ ಕೆಲಸದವಳೊಬ್ಬಳು ಮಾತ್ರ ಧೈರ್ಯ ತೋರಿಸಬೇಕಿತ್ತು ಅನ್ನುವುದು ಯಾವ ನ್ಯಾಯ?

ಆ ದಿನಗಳಲ್ಲಿ ಸುಮ್ಮನಿರದೆ ಎದ್ದವಳು ಇನ್ನೊಬ್ಬ ಹೆಂಗಸು, ಕಾರ್ನೆಲ್ ಹೆಂಡತಿ. ಅವಳು ವ್ಯಾಲೆನ್ಸ್ ರಸ್ತೆಯ ಕ್ರೇ ಮನೆಯ ಮುಂದೆ ಹೋಗಿ ಕಿಟಕಿ ಗಾಜು ಒಡೆದಳು. ಗಂಡನೂ ಒಳ್ಳೆಯವನೇನಲ್ಲ, ಅವನ ಗ್ಯಾಂಗು ಜನರನ್ನು ಹಿಂಸಿಸಿದ್ದು ಆಮೇಲೆ ಕೋರ್ಟಿನಲ್ಲೇ ಹೊರಬಂತು. ಆದರೂ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ ಆ ಮನೆ ಮುಂದೆ ನಿಂತು ಕೂಗಾಡಿದವಳು ಅವಳೊಬ್ಬಳೇ.

ಎರಡು ವರ್ಷ ಹೀಗೇ ಹೋಯಿತು. ಯಾರೂ ತಡೆಯದೆ ಇದ್ದದ್ದಕ್ಕೆ ಬೆಲೆ ತೆತ್ತವರು ಬೇರೆಯವರು. 1967ರ ಅಕ್ಟೋಬರ್ ಕೊನೆಗೆ ರೆಜಿ ಕ್ರೇ ತನ್ನದೇ ಗ್ಯಾಂಗಿಗೆ ಕೆಲಸ ಮಾಡುತ್ತಿದ್ದ ಜ್ಯಾಕ್ ಮೆಕ್‌ವಿಟಿಯನ್ನು ಒಂದು ಪಾರ್ಟಿಗೆ ಕರೆಸಿ ಇರಿದು ಕೊಂದ. ಮೊದಲು ಪಿಸ್ತೂಲ್ ಹಾರಿಸಲು ನೋಡಿದ, ಅದು ಕೈಕೊಟ್ಟಿತು. ಆಮೇಲೆ ಚಾಕು. ಬ್ಲೈಂಡ್ ಬೆಗ್ಗರ್‌ನ ಕೊಲೆ ದಕ್ಕಿಹೋಗದಿದ್ದರೆ ಇದು ನಡೆಯುತ್ತಿತ್ತೇ ಅಂತ ನನಗೆ ಅನಿಸುತ್ತದೆ.

ಕೊನೆಗೆ ಇವರನ್ನು ಹಿಡಿದದ್ದು ಲೆನರ್ಡ್ ರೀಡ್ ಎಂಬ ಸ್ಕಾಟ್ಲೆಂಡ್ ಯಾರ್ಡ್ ಅಧಿಕಾರಿ. ಕುಳ್ಳಗೆ ಇದ್ದ ಮನುಷ್ಯ, ಅಡ್ಡಹೆಸರು ನಿಪ್ಪರ್. 1965ರ ಕೇಸಿನಲ್ಲಿ ಸೋತವನು ಅವನೇ. ಆ ಸೋಲಿನಿಂದ ಅವನಿಗೆ ಒಂದು ವಿಷಯ ತಿಳಿದಿತ್ತು. ಇವರು ಹೊರಗಿರುವ ತನಕ ಸಾಕ್ಷಿ ಹುಟ್ಟುವುದಿಲ್ಲ. ಹಾಗಾಗಿ ಕ್ರಮವನ್ನೇ ತಿರುಗಿಸಿದ. ಸುದ್ದಿ ಸೋರಬಾರದು ಅಂತ ತಂಡವನ್ನು ಯಾರ್ಡ್‌ನಿಂದ ಹೊರಗೆ, ಟಿಂಟಾಜೆಲ್ ಹೌಸ್ ಎಂಬ ಬೇರೆ ಕಟ್ಟಡಕ್ಕೆ ಸಾಗಿಸಿದ. ಕ್ರೇಗಳು ಮೋಸ ಮಾಡಿದ, ಹೊಡೆದ, ಬೆದರಿಸಿದ ಒಬ್ಬೊಬ್ಬರನ್ನೇ ಹುಡುಕಿ ಮಾತನಾಡಿಸಿದ. ಅವರು ಒಳಗೆ ಹೋಗುವ ತನಕ ನಿಮ್ಮ ಹೇಳಿಕೆ ಹೊರಗೆ ಬರುವುದಿಲ್ಲ ಅಂತ ಮಾತು ಕೊಟ್ಟ. 1968ರ ಮೇ 8ರಂದು ಬೆಳಗಿನ ಜಾವ ಒಂದೇ ಏಟಿಗೆ ಅಣ್ಣತಮ್ಮಂದಿರನ್ನೂ ಅವರ ಕಡೆಯವರನ್ನೂ ಹಾಸಿಗೆಯಿಂದ ಎಬ್ಬಿಸಿ ಹಿಡಿದರು. ಆಗಿನ್ನೂ ಕಾರ್ನೆಲ್ ಕೊಲೆಗೆ ಗಟ್ಟಿ ಸಾಕ್ಷಿ ಇರಲಿಲ್ಲ. ಜಾಮೀನು ಸಿಗದ ಹಾಗೆ ನೋಡಿಕೊಂಡು, ರೀಡ್ ಮತ್ತೆ ಆ ಪಬ್‌ನಲ್ಲಿದ್ದವಳ ಬಳಿಗೆ ಹೋದ.

ಈ ಸಲ ಅವಳು ಹೇಳಿದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ಅವಳು ಹೇಳಿದಾಗಲೂ ಏನೂ ಖಾತ್ರಿ ಇರಲಿಲ್ಲ. ಇವರು ಹಿಂದೆಯೂ ಒಳಗೆ ಹೋಗಿ ನಗುತ್ತಾ ಹೊರಬಂದವರು. ಮತ್ತೆ ಬಿಡುಗಡೆಯಾದರೆ ಮೊದಲು ಯಾರ ಮನೆಗೆ ಬರುತ್ತಾರೆ ಅಂತ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಿಂದೆ ಗುರುತು ಹಿಡಿಯಲಿಲ್ಲವಲ್ಲ, ಈಗ ಹೇಗೆ ನೆನಪಾಯಿತು ಅಂತ ಡಿಫೆನ್ಸ್ ವಕೀಲರು ಕೇಳೇ ಕೇಳುತ್ತಾರೆ ಅನ್ನುವುದೂ ಗೊತ್ತಿತ್ತು. ಅಂದರೆ ನಾನು ಆಗ ಸುಳ್ಳು ಹೇಳಿದೆ ಅಂತ ಎಲ್ಲರೆದುರು ಒಪ್ಪಿಕೊಳ್ಳಬೇಕು.

ವಿಚಾರಣೆ 1969ರ ಆರಂಭದಲ್ಲಿ ಓಲ್ಡ್ ಬೇಲಿಯ, ಅಂದರೆ ಲಂಡನ್ನಿನ ದೊಡ್ಡ ಕ್ರಿಮಿನಲ್ ಕೋರ್ಟಿನ, ನಂಬರ್ 1 ಕೋರ್ಟಿನಲ್ಲಿ ನಡೆಯಿತು. ಜಡ್ಜ್ ಮೆಲ್ಫರ್ಡ್ ಸ್ಟೀವನ್‌ಸನ್. ಆರೋಪಿಗಳ ಕಟಕಟೆಯಲ್ಲಿ ಅವಳಿಗಳು, ಅಣ್ಣ ಚಾರ್ಲಿ, ಗ್ಯಾಂಗಿನ ಮಿಕ್ಕವರು. ಅವಳ ಹೆಸರು ಹೊರಬರದ ಹಾಗೆ ನೋಡಿಕೊಂಡರು. ಜನರಿಗೆ ಅವಳು ಗೊತ್ತಿರುವುದು 'ಮಿಸೆಸ್ ಎಕ್ಸ್' ಎಂದೇ. ಆದರೆ ಕಟಕಟೆಯಲ್ಲಿದ್ದವರಿಗೆ ಅವಳು ಯಾರೆಂದು ಚೆನ್ನಾಗಿ ಗೊತ್ತಿತ್ತು. ಅವರ ಕಣ್ಣೆದುರೇ ನಿಂತು ಹೇಳಬೇಕಿತ್ತು. ಹೇಳಿದಳು. ಕಾರ್ನೆಲ್‌ಗೆ ಹೊಡೆದವನು ರೋನಿ ಕ್ರೇ, ಜೊತೆಗಿದ್ದವನು ಬ್ಯಾರಿ. ಹಿಂದೆ ಯಾಕೆ ಹೇಳಲಿಲ್ಲ ಅಂದರೆ, ಹೆದರಿದ್ದೆ.

ಕಾರು ಓಡಿಸಿದ ಡಿಕ್ಸನ್ ಕೂಡ ಸರ್ಕಾರದ ಕಡೆ ಸಾಕ್ಷಿಯಾದ. ಆದರೆ ಅವನಿಗೆ ತನ್ನ ಚರ್ಮ ಉಳಿಸಿಕೊಳ್ಳುವುದಿತ್ತು. ಅವಳಿಗೆ ಅದರಿಂದ ಏನೂ ದಕ್ಕುವುದಿರಲಿಲ್ಲ. ಇಡೀ ಕೇಸಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ.

ಮಾರ್ಚ್ ಮೊದಲ ವಾರ ತೀರ್ಪು ಬಂತು. ಅವಳಿಗಳಿಗೆ ಜೀವಾವಧಿ, 30 ವರ್ಷಕ್ಕೆ ಮುಂಚೆ ಬಿಡಬಾರದು ಅಂತ ಜಡ್ಜ್ ಶಿಫಾರಸು. ಬ್ಯಾರಿಗೂ ಜೀವಾವಧಿ, ಕನಿಷ್ಠ 20 ವರ್ಷ. ಗಲ್ಲು ಯಾಕಿಲ್ಲ ಅಂದರೆ, ಕೊಲೆಗೆ ಗಲ್ಲು ಶಿಕ್ಷೆಯನ್ನು ಬ್ರಿಟನ್ 1965ರ ನವೆಂಬರಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಗುಂಡು ಹೊಡೆದು ಕೊಂದರೆ ಅದಕ್ಕೂ ಮೊದಲು ಗಲ್ಲೇ. ನಾಲ್ಕು ತಿಂಗಳ ಅಂತರದಲ್ಲಿ ರೋನಿ ಉಳಿದ. ಗಲ್ಲು ಬೇಡ ಅನ್ನುವವಳು ನಾನು, ಹಾಗಾಗಿ ಇದರ ಬಗ್ಗೆ ನನ್ನ ತಕರಾರಿಲ್ಲ. ಕೋರ್ಟಿನಲ್ಲಿ ತಾನು ಅಲ್ಲವೇ ಅಲ್ಲ ಅಂದಿದ್ದ ರೋನಿ, ವರ್ಷಗಳಾದ ಮೇಲೆ ತಾನೇ ಹೊಡೆದದ್ದು ಅಂತ ಪಶ್ಚಾತ್ತಾಪವಿಲ್ಲದೆ ಹೇಳಿಕೊಂಡ. ಅಂದರೆ ಅವಳು ಹೇಳಿದ್ದು ಅಕ್ಷರ ಅಕ್ಷರ ನಿಜ ಅಂತ ಅವನೇ ಮೊಹರು ಒತ್ತಿದ.

ರೋನಿ 1995ರ ಮಾರ್ಚ್ 17ರಂದು ಸತ್ತ. ಕೊನೆಯ ವರ್ಷಗಳು ಬ್ರಾಡ್‌ಮೂರ್ ಎಂಬ ಕಾವಲಿನ ಮನೋರೋಗ ಆಸ್ಪತ್ರೆಯಲ್ಲಿ ಕಳೆದವು. ಅವನ ಶವಯಾತ್ರೆ ಕಪ್ಪು ಕುದುರೆಗಳ ಗಾಡಿಯಲ್ಲಿ ಬೆತ್ನಲ್ ಗ್ರೀನ್ ಬೀದಿಗಳಲ್ಲಿ ನಡೆಯಿತು. ಸಾವಿರಾರು ಜನ ರಸ್ತೆ ಬದಿ ನಿಂತಿದ್ದರು. ರೆಜಿ ಕ್ಯಾನ್ಸರ್ ಬಂದು, ಕನಿಕರದ ಮೇಲೆ ಬಿಡುಗಡೆಯಾಗಿ, 2000ದ ಅಕ್ಟೋಬರ್ 1ರಂದು ಸತ್ತ. ಇವತ್ತಿಗೂ ಪೂರ್ವ ಲಂಡನ್ನಿನ ಹಳೆಯ ಮಂದಿ ಕೆಲವರು ಹೇಳುತ್ತಾರೆ: ಅವರು ಇದ್ದಾಗ ಬೀದಿ ಸುರಕ್ಷಿತವಾಗಿತ್ತು, ಬಾಗಿಲು ತೆರೆದಿಟ್ಟು ಮಲಗಬಹುದಿತ್ತು, ಹೆಂಗಸರಿಗೆ ಮರ್ಯಾದೆ ಕೊಡುತ್ತಿದ್ದರು, ತಾಯಿಯನ್ನು ದೇವರ ಹಾಗೆ ನೋಡಿಕೊಂಡರು, ಕೊಂದದ್ದು ತಮ್ಮಂಥವರನ್ನು ಮಾತ್ರ.

ಬೆಂಗಳೂರಿನಲ್ಲಿ ಬೆಳೆದವಳಿಗೆ ಈ ಮಾತುಗಳು ಹೊಸದಲ್ಲ. ನಮ್ಮ ಕಡೆಯ ಹಳೆಯ ರೌಡಿಗಳ ಬಗ್ಗೆಯೂ ಇದೇ ಪಲ್ಲವಿ ಕೇಳಿದ್ದೇನೆ. ಬಡವರಿಗೆ ಸಹಾಯ ಮಾಡುತ್ತಿದ್ದ, ಹೆಣ್ಣುಮಕ್ಕಳ ತಂಟೆಗೆ ಬರುತ್ತಿರಲಿಲ್ಲ. ಹೀಗೆ ಹೇಳುವವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರಿಗೆ ಹಾಗೆ ಕಂಡಿರಬಹುದು. ಆದರೆ ಬಾಗಿಲು ತೆರೆದಿಟ್ಟು ಮಲಗಿದ್ದ ಆ ಬೀದಿಯಲ್ಲೇ ಒಬ್ಬಳು ಎರಡು ವರ್ಷ ಬಾಯಿ ಕಟ್ಟಿಕೊಂಡು ಬದುಕಿದಳಲ್ಲ? ಅವಳ ಬಾಗಿಲು ರಾತ್ರಿ ತೆರೆದಿತ್ತೇ?

ಪೂರ್ವ ಲಂಡನ್ನಿಗೆ ಇದು ಹಳೆಯ ಕಾಯಿಲೆ. ಸ್ಪಿಟಲ್‌ಫೀಲ್ಡ್ಸ್ ಚರ್ಚಿನ ಪಕ್ಕ ಟೆನ್ ಬೆಲ್ಸ್ ಅಂತ ಇನ್ನೊಂದು ಹಳೆಯ ಪಬ್ ಇದೆ. 1888ರಲ್ಲಿ ಐವರು ಬಡ ಹೆಂಗಸರನ್ನು ಕತ್ತರಿಸಿ ಕೊಂದವನ ಅಡ್ಡಹೆಸರನ್ನೇ, ಜ್ಯಾಕ್ ದಿ ರಿಪ್ಪರ್ ಅಂತ, 1976ರಿಂದ 1988ರ ತನಕ ಆ ಪಬ್‌ಗೆ ಇಟ್ಟಿದ್ದರು. ಸತ್ತವರಲ್ಲಿ ಆನಿ ಚಾಪ್‌ಮನ್, ಮೇರಿ ಜೇನ್ ಕೆಲ್ಲಿ ಇಬ್ಬರ ಹೆಸರು ಆ ಪಬ್ ಜೊತೆ ಸೇರಿಕೊಂಡಿದೆ. ಬೋರ್ಡಿನ ಮೇಲೆ ಹೋದದ್ದು ಮಾತ್ರ ಕೊಂದವನ ಹೆಸರು. 2015ರಲ್ಲಿ ಕೇಬಲ್ ಸ್ಟ್ರೀಟಿನಲ್ಲಿ ಪೂರ್ವ ಲಂಡನ್ ಹೆಂಗಸರ ಇತಿಹಾಸದ ಮ್ಯೂಸಿಯಂ ಬರುತ್ತದೆ ಅಂತ ಅರ್ಜಿ ಹಾಕಿ, ಕೊನೆಗೆ ತೆರೆದದ್ದು ರಿಪ್ಪರ್ ಮ್ಯೂಸಿಯಂ. ಬೀದಿಗೆ ಇಳಿದು ಜನ ಪ್ರತಿಭಟಿಸಿದರು. ಬ್ಲೈಂಡ್ ಬೆಗ್ಗರ್ ಅಷ್ಟು ದೂರ ಹೋಗಿಲ್ಲ ಅನ್ನುವುದು ಸಮಾಧಾನ. ಹೆಸರು ಭಿಕ್ಷುಕನದೇ ಉಳಿದಿದೆ.

ಒಳಗೆ ಈಗ ಕೆಂಪು ಸೋಫಾಗಳು, ಹಿಂದೆ ಒಂದು ಕೈತೋಟ, ಅದರಲ್ಲಿ ಮೀನಿನ ಕೊಳ. 1966ರ ಬಾರ್ ಹೀಗಿರಲಿಲ್ಲ, ಆಮೇಲೆ ಎಷ್ಟೋ ಸಲ ಒಳಗೆಲ್ಲ ಬದಲಿಸಿದ್ದಾರೆ. ಆದ್ದರಿಂದ ರೋನಿ ನಿಂತ ಜಾಗ ಅಂತ ಯಾರಾದರೂ ಬೆರಳು ತೋರಿಸಿದರೆ ಜಾಸ್ತಿ ನಂಬಬೇಡಿ. ನಮ್ಮ ಹುಡುಗ ಒಂದು ಬಿಯರ್, ನಾನು ಒಂದು ನಿಂಬೆ ಸೋಡಾ ತೆಗೆದುಕೊಂಡು ಕೂತೆವು. ಕೌಂಟರಿನಲ್ಲಿ ಇದ್ದದ್ದು ಇಪ್ಪತ್ತರ ಆಸುಪಾಸಿನ ಹುಡುಗಿ. ಪ್ರವಾಸಿಗರ ಗುಂಪೊಂದು ಬಂದು ಅವಳನ್ನೂ ಅದೇ ಪ್ರಶ್ನೆ ಕೇಳಿತು. ಅವಳು ಗ್ಲಾಸು ಒರೆಸುತ್ತಲೇ ಬೇಜಾರಿಲ್ಲದೆ ಉತ್ತರ ಕೊಟ್ಟಳು. ದಿನಕ್ಕೆ ಎಷ್ಟು ಸಲ ಹೇಳುತ್ತಾಳೋ.

"ಅತ್ತೆ, ಅವಳಿಗೆ ಒಂದು ಬೋರ್ಡಾದರೂ ಹಾಕಬಹುದಿತ್ತು" ಅಂದ ನಮ್ಮ ಹುಡುಗ, ಹೊರಗೆ ಬಂದ ಮೇಲೆ. ಬೂತ್‌ಗೆ ಹತ್ತಿರದ ಮೈಲ್ ಎಂಡ್ ರಸ್ತೆಯಲ್ಲಿ ಪ್ರತಿಮೆ ಇದೆ. ಭಿಕ್ಷುಕನಿಗೆ ಪಬ್ಬೇ ಇದೆ. ಹೆಸರು ಹಾಕದೆಯೂ ಬೋರ್ಡು ಬರೆಯಬಹುದು, ಅಲ್ವಾ? ಇಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಳು, ಕಂಡದ್ದನ್ನು ಕೋರ್ಟಿನಲ್ಲಿ ಹೇಳಿದಳು ಅಂತ. ಅಷ್ಟು ಸಾಕು. ಬರೆಯುವ ಅಧಿಕಾರ ನನಗಿದ್ದರೆ ನಾಳೆಯೇ ಬರೆಸುತ್ತಿದ್ದೆ.

ಲಂಡನ್ನಿಗೆ ಬರುವವರು ಈ ಪಬ್ ನೋಡಲೇಬೇಕು ಅಂತಿದ್ದರೆ ಖಂಡಿತ ನೋಡಿ, ಚೆನ್ನಾಗಿದೆ. ಆದರೆ ಅಲ್ಲಿಗೆ ನಿಲ್ಲಿಸಬೇಡಿ. ವೈಟ್‌ಚಾಪೆಲ್ ಸ್ಟೇಷನ್ನಿನಲ್ಲಿ ಎಲಿಜಬೆತ್ ಲೈನ್ ಹತ್ತಿದರೆ ಎರಡನೇ ಸ್ಟಾಪ್ ಫ್ಯಾರಿಂಗ್ಡನ್. ಅಲ್ಲಿಂದ ನಡೆದರೆ ಓಲ್ಡ್ ಬೇಲಿ. ಅವಳು ಬಂದು ನಿಂತ ಕೋರ್ಟು ಅದು. ವಿಚಾರಣೆ ನಡೆಯುವ ದಿನಗಳಲ್ಲಿ ಸಾರ್ವಜನಿಕರನ್ನು ಮೇಲಿನ ಗ್ಯಾಲರಿಗೆ ಬಿಡುತ್ತಾರೆ. ಫೋನು ಮಾತ್ರ ಒಳಗೆ ಬಿಡುವುದಿಲ್ಲ, ಮನೆಯಲ್ಲೇ ಇಟ್ಟು ಹೋಗಿ.